ತೆರೆಯ ಮೇಲೊಂದು ಮೂರೆಳೆಯ ಹಗ್ಗ

ಕಳೆದ ಮಳೆಗಾಲದ ಒಂದು ಭಾನುವಾರ ಸಂಜೆ. ಎರ್ನಾಕುಲದ ನಮ್ಮ ಬೀದಿಯಲ್ಲಿ ತೆಂಗಿನ ಗರಿಯೊಂದು ತಂತಿಯ ಮೇಲೆ ಬಿದ್ದು ಕರೆಂಟು ಹೋಗಿತ್ತು. ಇಂಥ ಹೊತ್ತಿನಲ್ಲಿ ಮಾಡುವುದೇನು? ನಾನು ಹಜಾರದಲ್ಲಿ ಕುಳಿತು ದೇವರ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದೆ. ಮೇಲಿನ ಮಹಡಿಯಲ್ಲಿರುವ ಧಾರವಾಡದವರ ಮಗಳು, ಒಂಬತ್ತನೆಯ ತರಗತಿಯವಳು, ತಂದೆಯ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಬಂದಳು.

"ಅಜ್ಜಿ, ನೀವು ಕೆಮಿಸ್ಟ್ರಿ ಟೀಚರ್ ಇದ್ರಿ ಅಲ್ಲ? ಇಲ್ಲಿ ನೋಡ್ರಿ ಸ್ವಲ್ಪ."

ಮೂವತ್ತು ವರ್ಷ ಪಾಠ ಹೇಳಿದವಳಿಗೆ ಇಂಥ ಮಾತು ಕೇಳಿದರೆ ಬತ್ತಿ ಗಿತ್ತಿ ಎಲ್ಲ ಬದಿಗೆ. ನೋಡಿದೆ. ತೆರೆಯ ಮೇಲೆ ಒಂದು ಚೌಕ. ಅದರೊಳಗೆ ನೂರಾರು ಬಣ್ಣದ ಬಿಲ್ಲೆಗಳು. ಒಂದೂ ಸುಮ್ಮನಿಲ್ಲ, ಜಾತ್ರೆಯಲ್ಲಿ ಜನ ನೂಕಾಡಿದ ಹಾಗೆ ಒಂದನ್ನೊಂದು ತಳ್ಳುತ್ತಿವೆ. "ಚೆನ್ನಾಗಿದೆಯಮ್ಮ, ಯಾರೋ ಒಳ್ಳೆಯ ಸಿನಿಮಾ ತೆಗೆದಿದ್ದಾರೆ" ಎಂದೆ.

"ಸಿನಿಮಾ ಅಲ್ರೀ. ನೀವ ಒಂದನ್ನ ಹಿಡಿದು ಎಳೀರಿ."

ಎಳೆದೆ. ಹಿಡಿದ ಬಿಲ್ಲೆಯ ಹಿಂದೆಯೇ ಅದರ ನೆರೆಯವು ಮೂರು ನಾಲ್ಕು ಜಗ್ಗಿಕೊಂಡು ಬಂದವು. ಇನ್ನೂ ಎಳೆದಾಗ ಪಟ್ಟೆಂದು ಬಿಟ್ಟವು. ಬಿಟ್ಟ ರಭಸಕ್ಕೆ ಸುತ್ತಲಿನವೆಲ್ಲ ಅಲ್ಲಾಡಿದವು. ಹುಡುಗಿ ಒಂದು ಗುಂಡಿ ಒತ್ತಿ ಶಾಖವನ್ನು ಇಳಿಸಿದಳು. ಗದ್ದಲ ಅಡಗಿತು, ಬಿಲ್ಲೆಗಳು ಒಂದಕ್ಕೊಂದು ಅಂಟಿಕೊಂಡು ಜೇನುಹುಟ್ಟಿನ ಹಾಗೆ ಸಾಲುಗಟ್ಟಿ ನಿಂತವು. ಶಾಖ ಏರಿಸಿದಳು, ಸಾಲು ಕದಡಿ ಹರಿಯತೊಡಗಿತು. ಇನ್ನೂ ಏರಿಸಿದಳು, ಎಲ್ಲವೂ ದಿಕ್ಕಾಪಾಲು. ಘನ, ದ್ರವ, ಅನಿಲ! ಕರಿಹಲಗೆಯ ಮೇಲೆ ಮೂರು ಚೌಕ ಬರೆದು, ಸುಣ್ಣದ ಕಡ್ಡಿಯಲ್ಲಿ ಚುಕ್ಕಿ ಇಟ್ಟು, "ಇವು ಅಲುಗುತ್ತಿವೆಯೆಂದು ತಿಳಿದುಕೊಳ್ಳಿ" ಎಂದು ಎಷ್ಟು ಮಕ್ಕಳಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ತಿಳಿದುಕೊಂಡವರೆಷ್ಟು ಮಂದಿ ಎಂಬ ಪ್ರಶ್ನೆಯನ್ನು ಮಾತ್ರ ನಾನು ಕೇಳಿಕೊಂಡಿರಲಿಲ್ಲ.

ಆಗ ಒಂದು ಸಂಗತಿ ಹೊಳೆಯಿತು. ಕರೆಂಟು ಇಲ್ಲದ ಮೇಲೆ ಮನೆಯ ಅಂತರ್ಜಾಲವೂ ಇಲ್ಲ. ಹಾಗಾದರೆ ಇದು ನಡೆಯುತ್ತಿರುವುದು ಹೇಗೆ? ಹುಡುಗಿಗೂ ಉತ್ತರ ತಿಳಿದಿರಲಿಲ್ಲ. ಮರುದಿನ ಇಬ್ಬರೂ ಸೇರಿ ಹುಡುಕಿದೆವು. ಜಾಲದಿಂದ ಬಂದದ್ದು ಚಿತ್ರವಲ್ಲ, ಲೆಕ್ಕ ಮಾಡುವ ವಿಧಾನ ಮಾತ್ರ. ಪುಟ ಒಮ್ಮೆ ತೆರೆದುಕೊಂಡರೆ ಆಯಿತು, ಆ ಮೇಲೆ ಲೆಕ್ಕವನ್ನೆಲ್ಲ ಮಾಡುವುದು ನಮ್ಮ ಮಡಿಲಿನ ಮೇಲಿರುವ ಯಂತ್ರವೇ. ಅಡಿಗೆ ಬರುವುದು ಹೋಟೆಲಿನಿಂದಲ್ಲ. ಅಲ್ಲಿಂದ ಮಾಡುವ ಕ್ರಮವಷ್ಟೇ ಬರುತ್ತದೆ, ಒಲೆ ನಮ್ಮದೇ.

ಲೆಕ್ಕವಾದರೂ ಏನು? ಪ್ರತಿಯೊಂದು ಬಿಲ್ಲೆಯೂ ಒಂದು ಪರಮಾಣು ಎಂದಿಟ್ಟುಕೊಳ್ಳಿ. ಅದರ ನೆರೆಯವು ಎಷ್ಟು ದೂರದಲ್ಲಿವೆ ಎಂದು ಯಂತ್ರ ಅಳೆಯುತ್ತದೆ. ತುಸು ದೂರದಲ್ಲಿದ್ದರೆ ಸೆಳೆತ, ತೀರ ಮೈಮೇಲೆ ಬಿದ್ದರೆ ನೂಕು. (ನೆಂಟರಿಷ್ಟರ ವಿಷಯದಲ್ಲಿಯೂ ಇದೇ ನಿಯಮವೆಂದು ನಮ್ಮ ಯಜಮಾನರ ಅಭಿಪ್ರಾಯ.) ಈ ಸೆಳೆತ ನೂಕುಗಳನ್ನು ಕೂಡಿಸಿ, ನ್ಯೂಟನ್ ಹೇಳಿದ ನಿಯಮದಂತೆ ಪ್ರತಿಯೊಂದನ್ನೂ ಒಂದು ಕೂದಲೆಳೆಯಷ್ಟು ಸರಿಸುತ್ತದೆ. ಪುನಃ ಅಳೆಯುತ್ತದೆ, ಪುನಃ ಸರಿಸುತ್ತದೆ. ನಿಜವಾದ ಪರಮಾಣುಗಳ ಲೆಕ್ಕದಲ್ಲಿ ಇಂಥ ಒಂದೊಂದು ಹೆಜ್ಜೆಯೂ ಒಂದು ಸೆಕೆಂಡಿನ ಸಾವಿರ ಲಕ್ಷ ಕೋಟಿ ಪಾಲುಗಳಲ್ಲಿ ಒಂದೋ ಎರಡೋ ಪಾಲಿನಷ್ಟು. ಮಗು ಬೆರಳಿಟ್ಟು ಎಳೆದರೆ ಆ ಎಳೆತವೂ ಲೆಕ್ಕಕ್ಕೆ ಸೇರುತ್ತದೆ. ಸಿನಿಮಾಕ್ಕೂ ಇದಕ್ಕೂ ವ್ಯತ್ಯಾಸ ಇಷ್ಟೇ, ಆದರೆ ಇದೇನು ಸಣ್ಣ ವ್ಯತ್ಯಾಸವಲ್ಲ. ಮುಂದೇನಾಗುವುದೆಂದು ಯಾರೂ ಮೊದಲೇ ಬರೆದಿಟ್ಟಿಲ್ಲ.

ನಾವು ನೋಡಿದ ಆ ಪುಟವನ್ನು ರಚಿಸಿದವರು ಅಮೆರಿಕದ ಯೂಟಾ ಸಂಸ್ಥಾನದ ವೆಬರ್ ಸ್ಟೇಟ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಡೇನಿಯಲ್ ಶ್ರೋಡರ್. ಭೌತಶಾಸ್ತ್ರ ಕಲಿಸುವವರಿಗಾಗಿ 2015ರಲ್ಲಿ ಅದನ್ನು ಕುರಿತು ಒಂದು ಲೇಖನವನ್ನೂ ಬರೆದಿದ್ದಾರೆ. ಆದರೆ ಈ ವಿದ್ಯೆಯ ಮೂಲಪುರುಷರಲ್ಲಿ ಒಬ್ಬರು ನಮ್ಮ ನೆರೆಯ ಹೈದರಾಬಾದಿನವರೆಂದು ತಿಳಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಅವರ ಹೆಸರು ಅನೀಸುರ್ ರಹಮಾನ್, ಹುಟ್ಟಿದ್ದು 1927ರಲ್ಲಿ. ಅಮೆರಿಕದ ಆರ್ಗಾನ್ ಪ್ರಯೋಗಾಲಯದಲ್ಲಿದ್ದಾಗ 1964ರಲ್ಲಿ ಅವರು ದ್ರವರೂಪದ ಆರ್ಗಾನ್ ಎಂಬ ಮೂಲವಸ್ತುವಿನ 864 ಪರಮಾಣುಗಳ ಚಲನೆಯನ್ನು ಗಣಕಯಂತ್ರದಿಂದ ಲೆಕ್ಕಹಾಕಿ ತೋರಿಸಿದರು. ಅದಕ್ಕೆ ಅಂದು ಒಂದು ಕೋಣೆಯನ್ನೇ ತುಂಬುವ ಯಂತ್ರ ಬೇಕಾಗಿತ್ತು. ಹುಡುಗಿ ನಮ್ಮ ಹಜಾರದಲ್ಲಿ ಬ್ಯಾಟರಿಯ ಮೇಲೆ ನಡೆಸುತ್ತಿದ್ದ ಲೆಕ್ಕ ಅದೇ ವಂಶದ್ದು.

ಈ ಸೌಲಭ್ಯ ಮನೆಬಾಗಿಲಿಗೆ ಬಂದು ಬಹಳ ಕಾಲವಾಗಿಲ್ಲ. ನಾನು ಪಾಠ ಹೇಳುತ್ತಿದ್ದ ಕಡೆಯ ವರ್ಷಗಳಲ್ಲಿ ಒಂದು ಸಲ ಅಣುವಿನ ಚಿತ್ರ ತಿರುಗಿಸಿ ತೋರಿಸುತ್ತೇನೆಂದು ತರಗತಿಯನ್ನೆಲ್ಲ ಕಂಪ್ಯೂಟರ್ ಕೋಣೆಗೆ ಕರೆದುಕೊಂಡು ಹೋಗಿದ್ದೆ. ಯಂತ್ರ ಇನ್ನೊಂದು ತಂತ್ರಾಂಶ ಹಾಕಿ ಎಂದಿತು. ಹಾಕಿದರೆ ಅದು ಹಳೆಯದಾಯಿತು ಎಂದಿತು. ಅಷ್ಟರಲ್ಲಿ ಗಂಟೆ ಹೊಡೆಯಿತು. ಬ್ರೌಸರು ತಾನೇ ಮೂರು ಆಯಾಮದ ಚಿತ್ರ ಬರೆಯಬಲ್ಲ ವೆಬ್‌ಜಿಎಲ್ ಎಂಬ ಏರ್ಪಾಡು 2011ರಲ್ಲಿ ಹೊರಬಂದು, ಎಲ್ಲೆಡೆ ಹಬ್ಬಿದ ಮೇಲೆ ಈ ಪೀಕಲಾಟ ತಪ್ಪಿತು. ಈಗ ಮೊಬೈಲಿನಲ್ಲಿಯೂ ಆಗುತ್ತದೆ.

ಇಲ್ಲಿಯವರೆಗೆ ಇದು ಒಂದು ಒಳ್ಳೆಯ ಆಟಿಕೆಯ ಕಥೆಯಷ್ಟೇ ಆಗಿತ್ತು. ಅದು ಬೇರೆಯ ತಿರುವು ಹಿಡಿದದ್ದು ತಿರುವನಂತಪುರದಿಂದ ಬಂದ ಒಂದು ದೂರವಾಣಿ ಕರೆಯಿಂದ.

ನನ್ನ ತಂಗಿಯ ಮಗಳು ಅಲ್ಲಿ ಪೂಜಪ್ಪುರದ ಹತ್ತಿರ ವಾಸವಾಗಿದ್ದಾಳೆ. ಅವಳ ಗಂಡನಿಗೆ ಟೆಕ್ನೋಪಾರ್ಕಿನಲ್ಲಿ ಕೆಲಸ; ಅತ್ತೆ ಜೊತೆಗಿದ್ದಾರೆ; ಮಕ್ಕಳಿಬ್ಬರು. ಕಿರಿಯವನಿಗೆ ಏಳು ವರ್ಷ. ಮಂಚದಿಂದ ಇಳಿಯುವಾಗ ಎಡಗಾಲು ಹೊರಳಿ ತೊಡೆಯ ಎಲುಬು ಮುರಿಯಿತು. ಇದು ಮೂರನೆಯ ಸಲ. ಮೊದಲ ಎರಡು ಸಲವೂ ಎಲ್ಲರೂ ತಾಯಿಯನ್ನೇ ಹಿಡಿದುಕೊಂಡಿದ್ದರು. ಒಬ್ಬ ವೈದ್ಯರಂತೂ ಮಗುವನ್ನು ಹೊಡೆದಿರಾ ಎಂದು ಮುಖಕ್ಕೇ ಕೇಳಿದ್ದರು. ಮನೆಯಲ್ಲಿ ಅತ್ತೆಯವರ ಮಾತು ಬೇರೆ: ಬಸುರಿಯಲ್ಲಿ ಸರಿಯಾಗಿ ಹಾಲು ಕುಡಿಯಲಿಲ್ಲ, ಮಗುವಿಗೆ ರಾಗಿ ತಿನ್ನಿಸಲಿಲ್ಲ, ಊರಿನಲ್ಲಿದ್ದಿದ್ದರೆ ಹೀಗಾಗುತ್ತಿರಲಿಲ್ಲ. ಮೂರನೆಯ ಸಲ ನೋಡಿದ ವೈದ್ಯರು ಮಗುವಿನ ಕಣ್ಣಿನ ಬಿಳಿಯ ಭಾಗದಲ್ಲಿ ನೀಲಿ ಛಾಯೆ ಇರುವುದನ್ನು ಗುರುತಿಸಿದರು. ಅದನ್ನು ನಾವೆಲ್ಲ ಚೆಲುವೆಂದು ಹೊಗಳಿದ್ದೆವು! ಪರೀಕ್ಷೆಗಳಾದ ಮೇಲೆ ಹುಟ್ಟಿನಿಂದಲೇ ಬಂದ ಎಲುಬಿನ ದೋಷವೆಂದು ತಿಳಿಯಿತು. ಆಸ್ಟಿಯೊಜೆನೆಸಿಸ್ ಇಂಪರ್ಫೆಕ್ಟಾ ಎಂದು ಅದರ ಹೆಸರು.

"ದೊಡ್ಡಮ್ಮ, ಕಾಗದದಲ್ಲಿ ಕಾಲಜನ್ ಅಂತ ಬರೆದಿದ್ದಾರೆ. ಅತ್ತೆಯವರಿಗೆ ಏನಂತ ಹೇಳಲಿ? ನನಗೇ ಅರ್ಥವಾಗಿಲ್ಲ" ಎಂದು ಫೋನಿನಲ್ಲಿ ಅತ್ತಳು. ನಾನು ರಸಾಯನಶಾಸ್ತ್ರ ಕಲಿಸಿದವಳು, ವೈದ್ಯಳಲ್ಲ. ಆದರೂ ಕಾಲಜನ್ ಎಂಬ ಹೆಸರು ಕೇಳಿದೊಡನೆ ನನಗೆ ನೆನಪಾದದ್ದು ಎರ್ನಾಕುಲದವರೇ ಆದ ಒಬ್ಬ ಮಹನೀಯರು.

ಸುಭಾಷ್ ಪಾರ್ಕಿನ ಎದುರಿಗೆ ಮಹಾರಾಜಾಸ್ ಕಾಲೇಜನ್ನು ನೋಡದ ಕೊಚ್ಚಿಯ ಕನ್ನಡಿಗರಿಲ್ಲ. ಅಲ್ಲಿ ಗಣಿತ ಕಲಿಸುತ್ತಿದ್ದ ನಾರಾಯಣ ಅಯ್ಯರ್ ಎಂಬವರ ಮಗ ಜಿ. ಎನ್. ರಾಮಚಂದ್ರನ್. ಹುಟ್ಟಿದ್ದು 1922ರ ಅಕ್ಟೋಬರ್ 8ರಂದು ಎರ್ನಾಕುಲದಲ್ಲಿ. ತಿರುಚಿರಾಪಳ್ಳಿಯಲ್ಲಿ ಪದವಿ ಮುಗಿಸಿ 1942ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ ವಿದ್ಯುತ್ ಎಂಜಿನಿಯರಿಂಗ್ ಓದಲು ಬಂದವರನ್ನು ಸರ್ ಸಿ. ವಿ. ರಾಮನ್ ತಮ್ಮ ಭೌತಶಾಸ್ತ್ರ ವಿಭಾಗಕ್ಕೆ ಸೆಳೆದುಕೊಂಡರು. ಮೂವತ್ತನೆಯ ವಯಸ್ಸಿಗೆ ಮದರಾಸು ವಿಶ್ವವಿದ್ಯಾನಿಲಯದಲ್ಲಿ ವಿಭಾಗದ ಮುಖ್ಯಸ್ಥರಾದರು. ಅಲ್ಲಿಗೆ ಬಂದ ಬ್ರಿಟಿಷ್ ವಿಜ್ಞಾನಿ ಬರ್ನಾಲ್ ಅವರೊಡನೆ ಮಾತನಾಡುತ್ತಿದ್ದಾಗ ಕಾಲಜನ್ನಿನ ರಚನೆ ಇನ್ನೂ ಬಿಡಿಸಲಾಗದ ಒಗಟೆಂದು ತಿಳಿಯಿತು.

ಕಾಲಜನ್ ಎಂದರೆ ನಮ್ಮ ಚರ್ಮ, ಸ್ನಾಯುರಜ್ಜು, ಎಲುಬುಗಳಿಗೆ ಕಸುವು ಕೊಡುವ ಪ್ರೋಟೀನು. ಎಲುಬೆಂದರೆ ಬರಿಯ ಸುಣ್ಣವಲ್ಲ. ಸಿಮೆಂಟಿನೊಳಗೆ ಕಬ್ಬಿಣದ ಸರಳು ಇರುವಂತೆ ಅದರೊಳಗೆ ಕಾಲಜನ್ನಿನ ನಾರುಗಳಿವೆ. ರಾಮಚಂದ್ರನ್ ಮದರಾಸಿನ ಚರ್ಮ ಸಂಶೋಧನಾಲಯದಿಂದ ಕಾಂಗರೂವಿನ ಬಾಲದ ಸ್ನಾಯುರಜ್ಜನ್ನು ತರಿಸಿ, ಎಕ್ಸ್‌ರೇ ಚಿತ್ರ ತೆಗೆದು, ಗುಂಡು ಕಡ್ಡಿಗಳ ಮಾದರಿ ಕಟ್ಟಿ, ಗೋಪಿನಾಥ ಕರ್ತಾ ಎಂಬ ಸಹೋದ್ಯೋಗಿಯೊಡನೆ 1954ರಲ್ಲಿ ಉತ್ತರ ಕೊಟ್ಟರು. ಅದು ಮೂರು ಎಳೆಗಳನ್ನು ಒಂದಕ್ಕೊಂದು ಹೊಸೆದ ಹಗ್ಗ. ಪ್ರತಿಯೊಂದು ಎಳೆಯಲ್ಲಿಯೂ ಮೂರು ಮೂರು ಮಣಿಗಳಿಗೆ ಒಂದರಂತೆ ಗ್ಲೈಸಿನ್ ಎಂಬ ಅಮೈನೋ ಆಮ್ಲವಿರಬೇಕು. ಏಕೆಂದರೆ ಹಗ್ಗದ ನಡುಗರ್ಭದಲ್ಲಿ ಜಾಗ ಬಹಳ ಕಡಿಮೆ, ಎಲ್ಲಕ್ಕಿಂತ ಚಿಕ್ಕ ಮಣಿಯಾದ ಗ್ಲೈಸಿನ್ ಮಾತ್ರ ಅಲ್ಲಿ ಹಿಡಿಸುತ್ತದೆ. ಪರಮಾಣುಗಳು ತೀರ ಹತ್ತಿರ ಬಂದಿವೆಯೆಂದು ಪಾಶ್ಚಾತ್ಯ ವಿಜ್ಞಾನಿಗಳು ಆಕ್ಷೇಪಿಸಿದರು. ಹಾಗಾದರೆ ಎಷ್ಟು ಹತ್ತಿರ ಬರಬಹುದು ಎಂಬುದನ್ನೇ ಅವರು ಲೆಕ್ಕಕ್ಕೆ ಹಿಡಿದರು. ರಾಮಕೃಷ್ಣನ್, ಶಶಿಶೇಖರನ್ ಎಂಬ ಸಹೋದ್ಯೋಗಿಗಳೊಡನೆ 1963ರಲ್ಲಿ ಪ್ರಕಟಿಸಿದ ಆ ನಕ್ಷೆ ಇಂದಿಗೂ ಜಗತ್ತಿನಾದ್ಯಂತ 'ರಾಮಚಂದ್ರನ್ ನಕ್ಷೆ' ಎಂದೇ ಹೆಸರಾಗಿದೆ. ಮುಂದೆ ಅವರು ಪುನಃ ಬೆಂಗಳೂರಿಗೆ ಬಂದು, 1971ರಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಅಣುಜೀವಭೌತ ವಿಭಾಗವನ್ನು ಸ್ಥಾಪಿಸಿದರು. 2001ರಲ್ಲಿ ತೀರಿಕೊಂಡರು.

ಮುಂದಿನ ಶನಿವಾರ ಆಲಪ್ಪುಳ ಮಾರ್ಗದ ರೈಲು ಹತ್ತಿದೆ. ತೆಂಗಿನ ನಾರಿನ ಹುರಿಹಗ್ಗಕ್ಕೆ ಆ ಊರು ಪ್ರಸಿದ್ಧವಷ್ಟೆ. ಎಳೆಗಳನ್ನು ಒಂದು ದಿಕ್ಕಿಗೆ ತಿರುಚಿ, ಅವನ್ನು ಕೂಡಿಸುವಾಗ ಎದುರು ದಿಕ್ಕಿಗೆ ಹೊಸೆದರೆ ಹಗ್ಗ ಬಿಚ್ಚಿಕೊಳ್ಳುವುದಿಲ್ಲ ಎಂಬುದು ಅಲ್ಲಿನ ಹೆಂಗಸರಿಗೆಲ್ಲ ಗೊತ್ತು. ಕಾಲಜನ್ನಿನಲ್ಲಿಯೂ ಹೀಗೆಯೇ: ಒಂದೊಂದು ಎಳೆಯ ತಿರುಚು ಎಡಕ್ಕೆ, ಮೂರೂ ಕೂಡಿದ ಹೊಸೆತ ಬಲಕ್ಕೆ. ಕಾಯಂಕುಳಂ ದಾಟಿದ ಮೇಲೆ ಕರುನಾಗಪ್ಪಳ್ಳಿ. ಅಲ್ಲಿಗೆ ಹತ್ತಿರದ ಅಮೃತಪುರಿಯ ವಿಶ್ವವಿದ್ಯಾಪೀಠದವರು, ಪ್ರಯೋಗಶಾಲೆಯಿಲ್ಲದ ಮಕ್ಕಳೂ ತೆರೆಯ ಮೇಲೆ ಪ್ರಯೋಗ ಮಾಡುವಂತಹ ಪಾಠಗಳನ್ನು ಕೇಂದ್ರ ಸರ್ಕಾರದ ನೆರವಿನಿಂದ ಬಹಳಷ್ಟು ಸಿದ್ಧಪಡಿಸಿದ್ದಾರೆ. ಈ ಕರಾವಳಿಯಲ್ಲಿ ಹಗ್ಗದ ಜೊತೆಗೆ ಇಂಥದೂ ಒಂದು ಕೈಗಾರಿಕೆ ಬೆಳೆದಿದೆಯಲ್ಲ ಎಂದುಕೊಂಡೆ.

ಮಗು ಕಾಲಿಗೆ ಪಟ್ಟು ಹಾಕಿಸಿಕೊಂಡು ಮಂಚದ ಮೇಲಿತ್ತು. ಊಟವಾದ ಮೇಲೆ ಅದರ ಪಕ್ಕದಲ್ಲಿಯೇ ಲ್ಯಾಪ್‌ಟಾಪು ಇಟ್ಟು, ಪ್ರೋಟೀನ್ ಡೇಟಾ ಬ್ಯಾಂಕ್ ಎಂಬ ಭಂಡಾರವನ್ನು ತೆರೆದೆ. ಇದೂ 1971ರಲ್ಲಿಯೇ ಹುಟ್ಟಿದ್ದು. ಆಗ ಅದರಲ್ಲಿದ್ದದ್ದು 7 ಅಣುಗಳ ವಿವರ, ಈಗ 2 ಲಕ್ಷಕ್ಕೂ ಮೀರಿದೆ. ಯಾರು ಬೇಕಾದರೂ ಕಾಸು ಕೊಡದೆ ನೋಡಬಹುದು. ನನಗೆ ಬೇಕಾಗಿದ್ದದ್ದು 1ಸಿಎಜಿ ಎಂಬ ಗುರುತಿನ ಅಣು. ಅದು ಪ್ರಯೋಗಶಾಲೆಯಲ್ಲಿ ಮಾಡಿದ ಕಾಲಜನ್ನಿನ ಒಂದು ಚಿಕ್ಕ ತುಂಡು. ಎಳೆಗೆ 30 ಮಣಿ, ಮೂರು ಎಳೆ. 1994ರಲ್ಲಿ ಪ್ರಕಟವಾದದ್ದು. ಅದನ್ನು ಮಾಡಿದವರು ಬೇಕೆಂದೇ ಪ್ರತಿ ಎಳೆಯ ನಡುವೆಯೂ ಒಂದು ಗ್ಲೈಸಿನ್ ಇರಬೇಕಾದ ಕಡೆ ಅಲನಿನ್ ಎಂಬ ತುಸು ದೊಡ್ಡ ಮಣಿ ಇಟ್ಟಿದ್ದರು. ವ್ಯತ್ಯಾಸ ಎಷ್ಟು ಗೊತ್ತೆ? ಒಂದು ಹೈಡ್ರೋಜನ್ ಇರುವಲ್ಲಿ ಒಂದು ಇಂಗಾಲವೂ ಮೂರು ಹೈಡ್ರೋಜನ್ನೂ, ಅಷ್ಟೆ.

ತಂಗಿಯ ಮಗಳು ಮೌಸ್ ಹಿಡಿದಳು. ತಿರುಗಿಸಿದಳು, ಹತ್ತಿರ ತಂದಳು. ಮೇಲಿಂದ ಒಂದೇ ಸಮನಾಗಿ ಬಂದ ಹೊಸೆತ ನಡುವೆ ಒಂದು ಕಡೆ ಸ್ವಲ್ಪ ಸಡಿಲವಾಗಿತ್ತು. ಎಳೆಗಳನ್ನು ನೇರವಾಗಿ ಬಿಗಿದಿದ್ದ ಬಂಧಗಳ ಜಾಗದಲ್ಲಿ ನೀರಿನ ಅಣುಗಳು ಬಂದು ಕುಳಿತಿದ್ದವು. ಅದರ ಮೇಲೆ ಒತ್ತಿದಾಗ ಹೆಸರು ಕಾಣಿಸಿತು.

"ಇದೊಂದೇನಾ, ದೊಡ್ಡಮ್ಮ?"

"ಇದೊಂದೇ ಕಣೆ. ನಿನ್ನ ಮಗನಲ್ಲಿ ಇರುವುದು ಇದೇ ಅಂತಲ್ಲ. ಅವನದು ಎಲ್ಲಿದೆ, ಎಂಥದು ಅನ್ನೋದನ್ನ ಅವನ ಕಾಗದ ನೋಡಿ ಡಾಕ್ಟರೇ ಹೇಳಬೇಕು. ಆದರೆ ನಿಜವಾದ ಎಳೆಯಲ್ಲಿ ಸುಮಾರು ಸಾವಿರ ಮಣಿ ಇರುತ್ತೆ. ಅದರಲ್ಲಿ ಒಂದು ತಪ್ಪಿದರೂ ಸಾಕಾಗಬಹುದು."

ಗ್ಲೈಸಿನ್ನಿನ ಜಾಗದಲ್ಲಿ ಬೇರೆ ಮಣಿ ಬಂದರೆ ಈ ರೋಗ ಬರುತ್ತದೆಂಬುದು 1980ರ ದಶಕದಲ್ಲಿ ರೋಗಿಗಳಲ್ಲಿಯೇ ಕಂಡುಬಂತು. ರಾಮಚಂದ್ರನ್ ಗುಂಡು ಕಡ್ಡಿಗಳ ಮಾದರಿಯಿಂದ ಹೇಳಿದ ಮಾತು ಹೀಗೆ ಮಕ್ಕಳ ಎಲುಬಿನಲ್ಲಿ ರುಜುವಾತಾಯಿತು. ಕೆಲವು ಮನೆಗಳಲ್ಲಿ ಇದು ತಂದೆತಾಯಿಗಳಿಂದ ಬರುವುದುಂಟು. ಎಷ್ಟೋ ಮಕ್ಕಳಲ್ಲಿ ಇಬ್ಬರಲ್ಲಿಯೂ ಇಲ್ಲದೆ ಹೊಸದಾಗಿ ಉಂಟಾಗುವುದೂ ಉಂಟು. ಬುಡಸಮೇತ ಕೀಳುವ ಔಷಧವಿಲ್ಲ. ಎಲುಬಿನ ಸವೆತ ತಡೆಯುವ ಮದ್ದು, ಕ್ರಮವಾದ ವ್ಯಾಯಾಮ, ಬೇಕಾದಾಗ ಶಸ್ತ್ರಚಿಕಿತ್ಸೆ, ಇವುಗಳಿಂದ ಮುರಿತಗಳು ಕಡಿಮೆಯಾಗಿ ಮಕ್ಕಳು ಶಾಲೆಗೆ ಹೋಗಿ ಬೆಳೆಯುತ್ತಾರೆ. ರಾಗಿ ಹಾಲು ಒಳ್ಳೆಯವೇ. ಆದರೆ ಹೊಸೆತದಲ್ಲಿ ತಪ್ಪಿದ ಮಣಿಯನ್ನು ಅವು ಸರಿಪಡಿಸಲಾರವು.

ಮಗುವಿಗೆ ಈ ಹಗ್ಗ ಬೇಸರವಾಯಿತು. "ಇದು ಅಲ್ಲಾಡೋದೇ ಇಲ್ಲ" ಎಂದಿತು. ನಿಜವೇ. ಇದು ತಿರುಗಿಸಿ ನೋಡಬಹುದಾದ ಮಾದರಿ, ಹಿಂದೆ ಹೇಳಿದ ಬಿಲ್ಲೆಗಳಂತೆ ಲೆಕ್ಕದಿಂದ ಚಲಿಸುವುದಲ್ಲ. ಇಷ್ಟು ದೊಡ್ಡ ಅಣುಗಳನ್ನು ಚಲಿಸುವಂತೆ ಲೆಕ್ಕಹಾಕುವುದು ಬಹಳ ದೊಡ್ಡ ಕೆಲಸ. 1977ರಲ್ಲಿ ಮೊಟ್ಟಮೊದಲು ಒಂದು ಪ್ರೋಟೀನನ್ನು ಹೀಗೆ ಚಲಿಸಿ ನೋಡಿದವರಿಗೆ ಸಿಕ್ಕಿದ್ದು ಒಂದು ಸೆಕೆಂಡಿನ ಲಕ್ಷ ಕೋಟಿ ಪಾಲುಗಳಲ್ಲಿ 9 ಪಾಲಿನಷ್ಟು ಹೊತ್ತು ಮಾತ್ರ. ಅವರಲ್ಲೊಬ್ಬರಾದ ಮಾರ್ಟಿನ್ ಕಾರ್ಪ್ಲಸ್ ಇಂಥ ಲೆಕ್ಕಗಳಿಗಾಗಿ 2013ರ ನೊಬೆಲ್ ಬಹುಮಾನದಲ್ಲಿ ಪಾಲು ಪಡೆದರು.

ಹಾಗಾಗಿ ಮಗುವಿಗೆ ಬಿಲ್ಲೆಗಳ ಪುಟ ತೆರೆದುಕೊಟ್ಟೆ. ಅಷ್ಟರಲ್ಲಿ ಎಂಟನೆಯ ತರಗತಿಯಲ್ಲಿರುವ ಅದರ ಅಕ್ಕ ಬಂದು, "ಇಂಥದು ನಮ್ಮ ಸ್ಕೂಲಲ್ಲೂ ಇದೆ, ಫೆಟ್ ಅಂತ" ಎಂದಳು. ಫೆಟ್ ಎಂಬುದು ಅಮೆರಿಕದ ಕೊಲರಾಡೋ ವಿಶ್ವವಿದ್ಯಾನಿಲಯದಲ್ಲಿ, ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಆರಂಭಿಸಿದ ಪಾಠಗಳ ಕಣಜ. ಕೇರಳದ ಶಾಲಾ ಕಂಪ್ಯೂಟರ್ ಶಿಕ್ಷಣವನ್ನು ನೋಡಿಕೊಳ್ಳುವ ಕೈಟ್ ಸಂಸ್ಥೆಯ ಕಚೇರಿ ಇದೇ ಪೂಜಪ್ಪುರದಲ್ಲಿದೆ; ಅವರು ಶಾಲೆಗಳಿಗೆ ಕೊಡುವ ಯಂತ್ರಗಳಲ್ಲಿ ಇದನ್ನೂ ಸೇರಿಸಿದ್ದಾರೆ. ಕಾಸರಗೋಡು ಮಂಜೇಶ್ವರಗಳ ಕನ್ನಡ ಮಾಧ್ಯಮದ ಮಕ್ಕಳಿಗೆ ಕಂಪ್ಯೂಟರ್ ಪಠ್ಯಪುಸ್ತಕ ಕನ್ನಡದಲ್ಲಿಯೇ ಇದೆ. ಫೆಟ್ಟಿನ ಪಾಠಗಳಲ್ಲಿ ಕನ್ನಡಕ್ಕೆ ಬಂದವೂ ಇವೆ. ಕೊಚ್ಚಿಯಲ್ಲೂ ತಿರುವನಂತಪುರದಲ್ಲೂ ಮಲಯಾಳ ಇಂಗ್ಲಿಷುಗಳ ನಡುವೆ ಓದುವ ನಮ್ಮ ಮಕ್ಕಳು ಮನೆಯಲ್ಲಿ ಕನ್ನಡವನ್ನು ಊಟ ತಿಂಡಿಗೆ ಮಾತ್ರ ಬಳಸುತ್ತಾರೆಂದು ಪ್ರತಿ ಸಭೆಯಲ್ಲೂ ಕೊರಗುತ್ತೇವೆ. ಇಂಥ ಒಂದು ಪಾಠವನ್ನು ತೆರೆದಿಟ್ಟು ನಡುವೆ ಕುಳಿತರೆ 'ಸೆಳೆತ', 'ಹೊಸೆತ', 'ಸಡಿಲ' ಎಂಬ ಮಾತುಗಳು ತಾವಾಗಿಯೇ ಬರುತ್ತವೆ. ಆ ದಿನ ಬಂದವು.

ಹೆತ್ತವರಿಗೆ ಒಂದು ಎಚ್ಚರಿಕೆಯನ್ನಂತೂ ಹೇಳಲೇಬೇಕು, ಹಳೆಯ ಮೇಷ್ಟರ ಚಪಲವೆಂದು ಕ್ಷಮಿಸಿ. ತೆರೆಯ ಮೇಲೆ ಆಮ್ಲಜನಕ ಕೆಂಪು, ಸಾರಜನಕ ನೀಲಿ. ಇವು ಗುರುತಿಗೆ ಹಚ್ಚಿದ ಬಣ್ಣಗಳು, ಪರಮಾಣುವಿಗೆ ಬಣ್ಣವಿಲ್ಲ. ಕಡ್ಡಿಗಳೂ ನಮ್ಮ ಅನುಕೂಲಕ್ಕೆ. ಶ್ರೋಡರರ ಬಿಲ್ಲೆಗಳು ಹಾಳೆಯ ಮೇಲಿನಂತೆ ಚಪ್ಪಟೆಯಾದ ಲೋಕದಲ್ಲಿ ಬಾಳುತ್ತವೆ. ಮಗು ನೋಡಿ ನಲಿದ ಮೇಲೆ "ಇದರಲ್ಲಿ ಯಾವುದು ನಿಜ, ಯಾವುದು ವೇಷ?" ಎಂದು ಕೇಳಿ. ಪ್ರಯೋಗಶಾಲೆಯಲ್ಲಿ ಕೈ ಸುಟ್ಟುಕೊಂಡು ಕಲಿಯುವುದಕ್ಕೆ ಇದು ಬದಲಾಗದು.

ನಾವು ಹೀಗೆ ಮಾತನಾಡುತ್ತಿರುವಾಗ ಅತ್ತೆಯವರು ಬಾಗಿಲಲ್ಲಿ ನಿಂತಿದ್ದರು. ಯಾವಾಗ ಬಂದರೋ ತಿಳಿಯದು. ಒಳಗೆ ಹೋಗಿ ಕನ್ನಡಕ ಹಾಕಿಕೊಂಡು ಬಂದು ಮಂಚದ ಅಂಚಿಗೆ ಕುಳಿತರು.

"ಆ ಹಗ್ಗ ಇನ್ನೊಂದು ಸಲ ತೋರಿಸಮ್ಮ" ಎಂದರು ಸೊಸೆಗೆ.

ಅವಳು ತೋರಿಸಿದಳು. ಸಡಿಲವಾದ ಜಾಗಕ್ಕೆ ಬಂದಾಗ ಅವರು ತೆರೆಗೆ ಬೆರಳು ಮುಟ್ಟಿಸಿ, "ಇದು ಬಸುರಿಯಲ್ಲಿ ತಿಂದದ್ದರಿಂದ ಆಗೋದಲ್ವಾ?" ಎಂದು ನನ್ನನ್ನು ಕೇಳಿದರು.

"ಅಲ್ಲ, ಅಮ್ಮ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಸೊಸೆಯ ಕಡೆ ತಿರುಗಿ, ಬೆಳಗಿನಿಂದ ಏನೂ ತಿಂದಿಲ್ಲವೇನೆ, ಹೋಗಿ ಊಟ ಮಾಡು, ಇವನನ್ನು ನಾನು ನೋಡಿಕೊಳ್ಳುತ್ತೇನೆ ಎಂದರು. ಮಗು ಅಷ್ಟರಲ್ಲಿ ಬಿಲ್ಲೆಗಳ ಪುಟಕ್ಕೆ ಮರಳಿ, ಶಾಖವನ್ನು ಕಡೆಯವರೆಗೂ ಏರಿಸಿ ಎಲ್ಲವನ್ನೂ ಚದುರಿಸಿ, "ಅಜ್ಜಿ, ಈಗ ತಣ್ಣಗೆ ಮಾಡೋದು ಯಾವ ಗುಂಡಿ?" ಎಂದು ಅವರನ್ನೇ ಕೇಳುತ್ತಿತ್ತು.